ನೀಲಿ ನೀರು, ಕಾರಿನ ಬಣ್ಣ ಮತ್ತು ಅಪ್ಪನ ಅನುಮಾನ

"ಲೋ, ಆ ನೀಲಿ ನೀರೆಲ್ಲಾ ಬಾನೆಟ್ ಮೇಲೆ ಚೆಲ್ತಾ ಇದೆಯಲ್ಲೋ, ಪೇಂಟ್ ಹೋಗಲ್ವೇನೋ?"

ಅಪ್ಪ ತಿಪಟೂರಿನಿಂದ ಡೆಟ್ರಾಯಿಟ್‌ಗೆ ಬಂದ ಮೊದಲ ವಾರವೇ ಕೇಳಿದ ಪ್ರಶ್ನೆ ಇದು. ಏಪ್ರಿಲ್ ತಿಂಗಳು. ಇಲ್ಲಿ ಏಪ್ರಿಲ್ ಅಂದ್ರೆ ಬೇಸಿಗೆ ಅಂತ ಅಂದುಕೊಂಡು ಬಂದಿದ್ದವರು ಸ್ವೆಟರ್ ಮೇಲೆ ಜಾಕೆಟ್ ಹಾಕ್ಕೊಂಡು ಮುಂದಿನ ಸೀಟಲ್ಲಿ ಕೂತಿದ್ದರು. ಮುಂದಿನ ಲಾರಿ ಎಬ್ಬಿಸಿದ ಕೆಸರು ಗಾಜಿಗೆ ರಾಚಿತು, ನಾನು ವಾಷರ್ ಒತ್ತಿದೆ, ಗಾಳಿಗೆ ಆ ನೀಲಿ ನೀರು ಅರ್ಧ ಗಾಜಿಗೆ ಅರ್ಧ ಕಾರಿಗೆ ಅಭಿಷೇಕವಾಯಿತು. ಅಪ್ಪ ಮನೆಗೆ ಬಂದ ಮೇಲೆ ಸುಮ್ಮನಿರಲಿಲ್ಲ. ಗರಾಜಿನಲ್ಲಿದ್ದ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿ, "ಇದು ಸ್ಪಿರಿಟ್ ಕಣೋ" ಅಂತ ತೀರ್ಪು ಕೊಟ್ಟರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಲ್ಲಿ ಚಳಿಗಾಲಕ್ಕೆ ಮಾರೋ ವಾಷರ್ ಫ್ಲೂಯಿಡ್ ಅಂದ್ರೆ ನೀರು, ಮೆಥನಾಲ್, ಚೂರು ಸೋಪು, ಒಂದಿಷ್ಟು ನೀಲಿ ಬಣ್ಣ, ಅಷ್ಟೇ. ಸೊನ್ನೆಗಿಂತ 20 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 29 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟಬಾರದು ಅಂದ್ರೆ ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೆಥನಾಲೇ ಇರಬೇಕು.

ಅಪ್ಪನ ಹತ್ತಿರ ಸಾಕ್ಷಿಯೂ ಇತ್ತು. 2020ರಲ್ಲಿ ಕೊರೋನ ಶುರುವಾದಾಗ ತಿಪಟೂರಿನ ಮನೆಯ ಟೀಪಾಯಿ ಮೇಲೆ ಸ್ಯಾನಿಟೈಸರ್ ಬಾಟಲಿ ಇಟ್ಟಿದ್ದರು. ಅದು ಸೋರಿ, ಮರದ ಪಾಲಿಶ್ ಮೇಲೆ ಬೆಳ್ಳಗೆ ದೊಡ್ಡ ಉಂಗುರ ಬಿತ್ತು. ಆ ಉಂಗುರ ಇವತ್ತಿಗೂ ಇದೆ, ಅಮ್ಮ ಅದರ ಮೇಲೆ ಕ್ರೋಶಾ ಬಟ್ಟೆ ಹಾಸಿ ಮುಚ್ಚಿದ್ದಾರೆ. "ಆಚಾರ್ರು ಅರಗನ್ನ ಸ್ಪಿರಿಟ್‌ನಲ್ಲೇ ಕರಗಿಸಿ ಪಾಲಿಶ್ ಹಚ್ಚೋದು. ಅದೇ ಸ್ಪಿರಿಟ್ ಬಿದ್ರೆ ಬಿಟ್ಟು ಬರ್ದೇ ಇನ್ನೇನಾಗುತ್ತೆ?" ಅಂದರು. ನಲವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವರ ಮುಂದೆ ನಾನೇನು ಹೇಳಲಿ? ಸರಿ ಅಂತ ಬೇಸಿಗೆಯಲ್ಲಿ ಫ್ಲೂಯಿಡ್ ಮುಗಿದಾಗ ಅವರ ಮಾತಿನಂತೆ ನಲ್ಲಿ ನೀರು ತುಂಬಿಸಿದೆ. ಬೇಸಿಗೆಗೆ ಅದರಿಂದ ಏನೂ ತೊಂದರೆ ಆಗಲಿಲ್ಲ ಅನ್ನಿ. ಅಕ್ಟೋಬರ್‌ನಲ್ಲಿ ಅಪ್ಪ ಊರಿಗೆ ಹೊರಟರು. ತೊಟ್ಟಿಯಲ್ಲಿ ನೀರಿದೆ ಅನ್ನೋದನ್ನ ನಾನು ಮರೆತೆ.

ಡಿಸೆಂಬರ್‌ನ ಒಂದು ಸಂಜೆ, ಐ-96 ಹೆದ್ದಾರಿ. ಮಗ ಹಿಂದಿನ ಸೀಟಲ್ಲಿ ನಿದ್ದೆ ಹೊಡೀತಿದ್ದ. ರಸ್ತೆಗೆ ಉಪ್ಪು ಹಾಕಿದ್ದರು, ಹಿಮ ಕರಗಿ ಕೆಸರಾಗಿತ್ತು, ಎದುರಿಗೆ ಮುಳುಗೋ ಸೂರ್ಯ. ಪಕ್ಕದ ಟ್ರಕ್ಕು ಒಂದು ಬಾಲ್ದಿಯಷ್ಟು ಕೆಸರನ್ನ ಗಾಜಿಗೆ ಎರಚಿ ಮುಂದೆ ಹೋಯಿತು. ವಾಷರ್ ಒತ್ತಿದೆ. ಮೋಟಾರು ಗುಂಯ್ ಅಂತು, ನೀರು ಬರಲಿಲ್ಲ. ವೈಪರ್ ಒಣ ಗಾಜಿನ ಮೇಲೆ ಉಪ್ಪನ್ನ ಎಡದಿಂದ ಬಲಕ್ಕೆ ಸಾರಿಸಿತು, ಅದರ ಮೇಲೆ ಬಿಸಿಲು ಬಿದ್ದು ಇಡೀ ಗಾಜು ಹಾಲಿನಂತೆ ಬೆಳ್ಳಗಾಯಿತು. ಗಂಟೆಗೆ 65 ಮೈಲಿ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು ಸುಮಾರು 95 ಅಡಿ ಹೋಗುತ್ತೆ. ನನಗೆ ಕಾಣದೇ ಇದ್ದದ್ದು ಎಷ್ಟು ಸೆಕೆಂಡೋ ಲೆಕ್ಕ ಹಾಕಲಿಲ್ಲ, ಧೈರ್ಯವಿಲ್ಲ. ಪಕ್ಕದ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ, ಬಿಳಿ ಗೆರೆ ನೋಡಿಕೊಂಡು ಹೇಗೋ ಶೋಲ್ಡರ್‌ಗೆ ತಂದು ನಿಲ್ಲಿಸಿದೆ. ರಸ್ತೆ ಪಕ್ಕದ ಹಿಮವನ್ನೇ ಬೊಗಸೆಯಲ್ಲಿ ತಗೊಂಡು ಗಾಜು ಒರೆಸಿದೆ. ಕೈ ಮರಗಟ್ಟಿದ್ದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ.

ಇಷ್ಟು ಪುರಾಣ ಯಾಕೆ ಹೇಳಿದೆ ಅಂದ್ರೆ, ನೀಲಿ ನೀರಿಂದ ಪೇಂಟ್ ಹಾಳಾಗುತ್ತೆ ಅನ್ನೋ ಮಾತನ್ನ ಆಮೇಲೆ ನಾನು ಕನಿಷ್ಠ ಆರು ಜನರ ಬಾಯಲ್ಲಿ ಕೇಳಿದೆ. ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸೋ ಹೊತ್ತಿಗೆ ಇದೇ ಚರ್ಚೆ! ಇವರೆಲ್ಲ ಓದಿದವರು, ಅದರಲ್ಲೂ ಅರ್ಧ ಜನ ಕಾರು ಕಂಪನಿಗಳಲ್ಲೇ ಕೆಲಸ ಮಾಡೋರು. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ಹಾಳಾಗಲ್ಲ. ಹಾಳಾಗುತ್ತೆ ಅನ್ನೋ ಭಯದಿಂದ ನಾವು ಅದರ ಬದಲಿಗೆ ತುಂಬಿಸೋ ಪದಾರ್ಥಗಳೇ ಹಾಳು ಮಾಡೋದು.

ಅಪ್ಪನ ಟೀಪಾಯಿ ವಾದಕ್ಕೆ ಉತ್ತರ ಹುಡುಕೋಕೆ ನನಗೆ ಸ್ವಲ್ಪ ದಿನ ಬೇಕಾಯಿತು. ಉತ್ತರ ಸಿಕ್ಕಿದ್ದು ಇಟ್ಟಿಗೆ ಗೂಡಿನ ನೆನಪಲ್ಲಿ. ಹಸಿ ಇಟ್ಟಿಗೆಯನ್ನ ಎಷ್ಟೇ ಒಣಗಿಸಿ, ಮಳೆ ಬಿದ್ದರೆ ಮತ್ತೆ ಮಣ್ಣೇ. ಅದೇ ಇಟ್ಟಿಗೆಯನ್ನ ಗೂಡಲ್ಲಿ ಸುಟ್ಟರೆ ಇಪ್ಪತ್ತು ಮಳೆಗಾಲ ನೆನೆದರೂ ಕರಗಲ್ಲ. ಅರಗಿನ ಪಾಲಿಶ್ ಹಸಿ ಇಟ್ಟಿಗೆ. ಅದು ಒಣಗೋದು ಅಂದ್ರೆ ಸ್ಪಿರಿಟ್ ಆರಿಹೋಗೋದು ಮಾತ್ರ, ಮತ್ತೆ ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತೆ. ಹಿಂದೆ ನಮ್ಮೂರ ಗ್ಯಾರೇಜುಗಳಲ್ಲಿ ಅಂಬಾಸಿಡರ್, ಪದ್ಮಿನಿಗಳಿಗೆ ಹೊಡೀತಿದ್ದ ಡ್ಯೂಕೋ ಪೇಂಟ್ ಕೂಡ ಇದೇ ಜಾತಿ. ಥಿನ್ನರ್ ಬಟ್ಟೆ ತಾಗಿಸಿದರೆ ಬಣ್ಣ ಬಟ್ಟೆಗೆ ಬರುತ್ತಿತ್ತು. ದೊಡ್ಡಪ್ಪನ ಅಂಬಾಸಿಡರ್ ಬಾಗಿಲ ಮೇಲೆ ನಾನೇ ಈ ಪ್ರಯೋಗ ಮಾಡಿ ಒದೆ ತಿಂದಿದ್ದೇನೆ. ಅಂದರೆ ಅಪ್ಪನ ವಿಜ್ಞಾನ ಅವರ ಕಾಲದ ಪೇಂಟಿಗೆ ಸರಿಯೇ.

ಈಗಿನ ಕಾರಿನ ಬಣ್ಣ ಸುಟ್ಟ ಇಟ್ಟಿಗೆ. ಕಾರ್ಖಾನೆಯಲ್ಲಿ ಬಣ್ಣದ ಪದರ ಹೊಡೆದು, ಅದರ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಹೊಡೆದು, ಸುಮಾರು 140 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಬೇಯಿಸುತ್ತಾರೆ. ಆಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆ ಬಲೆಯನ್ನ ಮದ್ಯಸಾರ ಬಿಚ್ಚೋದಿಲ್ಲ. ಪಾಲಿಶ್ ಮಾಡೋ ಅಂಗಡಿಯವರೇ ಎಣ್ಣೆ ಜಿಡ್ಡು ತೆಗೆಯೋಕೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಬಣ್ಣದ ಮೇಲೆ ಒರೆಸ್ತಾರೆ. ಇನ್ನು ನಮ್ಮ ನೀಲಿ ನೀರಿನ ಮೆಥನಾಲ್, ಓಡೋ ಕಾರಿನ ಗಾಳಿಗೆ ಬೇಗನೆ ಹಾರಿಹೋಗುತ್ತೆ.

ನನಗೂ ಸಮಾಧಾನ ಬೇಕಿತ್ತು. ಹಳೇ ಕಾರಿನ ಒಡೆದ ಕನ್ನಡಿಯ ಕವಚ ಗರಾಜಿನಲ್ಲಿ ಬಿದ್ದಿತ್ತು, ಅದೇ ಬಣ್ಣ, ಅದೇ ಕ್ಲಿಯರ್ ಕೋಟ್. ಟಿಶ್ಯೂ ಕಾಗದವನ್ನ ನೀಲಿ ನೀರಲ್ಲಿ ಅದ್ದಿ ಅದರ ಮೇಲೆ ಹಾಸಿ, ಆರದ ಹಾಗೆ ಪ್ಲಾಸ್ಟಿಕ್ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತೊಳೆದು ಬಿಸಿಲಿಗೆ ಹಿಡಿದು ನೋಡಿದರೆ ಏನೂ ಇಲ್ಲ. (ಹೆಂಡತಿ ಕೇಳಿದ್ದು: "ಇದಕ್ಕೆ ಅಡಿಗೆ ಮನೆ ಪ್ಲಾಸ್ಟಿಕ್ಕೇ ಬೇಕಿತ್ತಾ?")

ಹಾಗಂತ ಪೂರ್ತಿ ನಿರಪರಾಧಿ ಅಂತಲೂ ಅನ್ನಲ್ಲ. ಮೇಣದ ಪಾಲಿಶ್ ಹಚ್ಚಿದ್ದರೆ ಅದನ್ನ ಸೋಪು, ಮದ್ಯಸಾರ ಸೇರಿ ಬೇಗ ಸವೆಸುತ್ತವೆ. ನೀರು ಬೆರೆಸದೇ ಗಟ್ಟಿ ದ್ರಾವಣ ಸುರಿದು ಬಿಸಿಲಲ್ಲಿ ಒಣಗೋಕೆ ಬಿಟ್ಟರೆ ಗೆರೆ ಗೆರೆ ಕಲೆ ಉಳಿಯುತ್ತೆ, ಅದು ತೊಳೆದರೆ ಹೋಗುತ್ತೆ. ಡಿಕ್ಕಿ ಹೊಡೆಸಿಕೊಂಡು ಹೊಸದಾಗಿ ಪೇಂಟ್ ಮಾಡಿಸಿದ್ದರೆ ಮಾತ್ರ ಕೆಲವು ವಾರ ಹುಷಾರಾಗಿರಿ, ಅದು ಇನ್ನೂ ಅರೆಬೆಂದ ಇಟ್ಟಿಗೆ.

ಇಲ್ಲಿ ಕಾರಿನ ನಿಜವಾದ ಶತ್ರು ಉಪ್ಪು. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸುಮಾರು 1200 ಅಡಿ ಕೆಳಗೆ ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡೋ ಊರು, ಕೆಳಗೆ ಕಾರು ತಿನ್ನೋ ಉಪ್ಪು! ಕಲ್ಲು ಸಿಡಿದು ಬಣ್ಣ ಕಿತ್ತ ಜಾಗದಲ್ಲಿ ಆ ಉಪ್ಪುನೀರು ಕೂತರೆ ತುಕ್ಕು ಶುರು, ಬಾಗಿಲ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು ಮೊದಲು ಹೋಗುತ್ತವೆ. ಅದಕ್ಕೆ ಕಾರಿನ ಅಡಿಗೆ ನೀರು ಹೊಡೆಸಬೇಕು. ಆ ಕೆಲಸಕ್ಕೆ ಸೋಮಾರಿತನ ಮಾಡಿ, ನೀಲಿ ನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳೋರನ್ನ ಕಂಡರೆ ನನಗೆ ನಗು ಬರುತ್ತೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ ಬಿಡಿ :-)

ತಿಪಟೂರಿನ ಕಥೆ ಬೇರೆ. ಅಲ್ಲಿ ಹಿಮವೂ ಇಲ್ಲ, ಮೆಥನಾಲೂ ಬೇಡ. ತಮ್ಮನ ಕಾರಿನ ಬಾನೆಟ್ ಮೇಲೆ, ವಾಷರ್ ತೂತುಗಳ ಸುತ್ತ ಬಿಳೀ ಚುಕ್ಕೆ. ವಿಡಿಯೋ ಕಾಲ್‌ನಲ್ಲಿ ತೋರಿಸಿ "ನೋಡಣ್ಣ, ವಾಷರ್ ನೀರಿಂದ ಪೇಂಟ್ ಹೋಯ್ತು" ಅಂದ. ಏನು ಹಾಕ್ತೀಯಾ ಅಂತ ಕೇಳಿದೆ. "ಆರ್‌ಒ ಮೆಷಿನ್ನಿಂದ ವೇಸ್ಟ್ ಬರುತ್ತಲ್ಲ, ಆ ನೀರು. ಅದಕ್ಕೊಂದು ಸ್ಯಾಶೆ ಶಾಂಪೂ" ಅಂದ. ನೀರು ಉಳಿಸೋ ಅವನ ಬುದ್ಧಿಯನ್ನ ಬೈಯೋ ಹಾಗಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದು ನೆನಪಿರಬಹುದು. ಆದರೆ ಯೋಚನೆ ಮಾಡಿ: ಬೋರ್‌ವೆಲ್ ನೀರೇ ಗಡಸು. ಆರ್‌ಒ ಮೆಷಿನ್ನು ಅದರಿಂದ ಒಳ್ಳೇ ನೀರನ್ನ ನಮಗೆ ಕೊಟ್ಟು, ಉಳಿದ ಸುಣ್ಣ, ಉಪ್ಪನ್ನೆಲ್ಲ ಆ ವೇಸ್ಟ್ ನೀರಿಗೆ ಸೇರಿಸಿ ಹೊರಗೆ ಬಿಡುತ್ತೆ. ಅದನ್ನ ಬಿಸಿಲಿಗೆ ಕಾದ ಬಾನೆಟ್ ಮೇಲೆ ಚಿಮುಕಿಸಿದರೆ ನೀರು ಆರುತ್ತೆ, ಸುಣ್ಣ ಕೂರುತ್ತೆ. ಸ್ನಾನದ ಮನೆಯ ಗೀಜರಿನೊಳಗೆ ಕಟ್ಟೋ ಪೊರೆಯೇ ಅದು. ತುಂಬ ದಿನ ಬಿಟ್ಟರೆ ಕ್ಲಿಯರ್ ಕೋಟ್‌ಗೆ ಕಚ್ಚಿ ಗುರುತು ಉಳಿಯುತ್ತೆ. ಆ ವೇಸ್ಟ್ ನೀರಲ್ಲಿ ಅಂಗಳ ತೊಳೀಲಿ, ನೆಲ ಒರೆಸಲಿ. ವಾಷರ್ ತೊಟ್ಟಿಗೆ ಎರಡು ಲೀಟರ್ ಒಳ್ಳೇ ನೀರು ಸಾಕು, ಅಥವಾ ಎಸಿಯಿಂದ ತೊಟ್ಟಿಕ್ಕೋ ನೀರನ್ನ ಸೋಸಿ ಹಾಕಬಹುದು, ಅದರಲ್ಲಿ ಸುಣ್ಣ ಇರೋದಿಲ್ಲ. ಜೊತೆಗೆ ಅಂಗಡಿಯಲ್ಲಿ ಸಿಗೋ ವಾಷರ್ ದ್ರಾವಣ ಅಳತೆ ಪ್ರಕಾರ. ಬರೀ ನೀರನ್ನ ತಿಂಗಳುಗಟ್ಟಲೆ ಬಿಡೋದೂ ಒಳ್ಳೇದಲ್ಲ. ವಾಷರ್ ದ್ರಾವಣ ಬೆರೆಸದ ನೀರಿನ ತೊಟ್ಟಿಯಲ್ಲಿ ಲೀಜಿಯೊನೆಲ್ಲಾ ಅನ್ನೋ ನ್ಯುಮೋನಿಯಾ ಬ್ಯಾಕ್ಟೀರಿಯಾ ಬೆಳೀಬಹುದು ಅಂತ 2010ರಲ್ಲಿ ಬ್ರಿಟನ್ನಿನ ಆರೋಗ್ಯ ರಕ್ಷಣಾ ಸಂಸ್ಥೆ ಎಚ್ಚರಿಸಿತ್ತು.

ಶಾಂಪೂ ಏನು ಮಾಡಿತ್ತು ಅಂತೀರಾ? ತೂತು ಕಟ್ಟಿಸಿತ್ತು. ಗುಂಡುಸೂಜಿ ಹಾಕಿ ಬಿಡಿಸಿದನಂತೆ.

ಪೇಂಟ್‌ಗೆ ನಿಜವಾಗಿ ಹೆದರಬೇಕಾದ ದ್ರವ ಒಂದು ಬಾನೆಟ್ ಕೆಳಗೇ ಇದೆ, ಬ್ರೇಕ್ ಆಯಿಲ್. ಸಾಮಾನ್ಯ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್‌ನಲ್ಲಿರೋ ಗ್ಲೈಕಾಲ್ ಈಥರ್‌ಗಳು ಬಣ್ಣದ ಪದರವನ್ನ ಉಬ್ಬಿಸಿ ಮೆತ್ತಗೆ ಮಾಡುತ್ತವೆ. ನಾಲ್ಕು ಹನಿ ಬಿದ್ದರೂ ಕೂಡಲೇ ನೀರು ಸುರಿದು ತೊಳೀಬೇಕು. ಸರ್ವೀಸ್ ಮಾಡಿಸುವಾಗ ಫೆಂಡರ್ ಮೇಲೆ ಬಟ್ಟೆ ಹಾಸಿದ್ದಾರಾ ಅಂತ ಯಾರಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಅದೇ ನಾವು, ಅಂಗಡಿಯವನೊಬ್ಬ "ವಾಷರ್ ಲಿಕ್ವಿಡ್‌ನಿಂದ ಪೇಂಟ್ ಫೇಡ್ ಆಗಿದೆ ಸಾರ್, ಸೆರಾಮಿಕ್ ಕೋಟಿಂಗ್ ಮಾಡಿಸಿ" ಅಂದರೆ ಸಾವಿರಗಟ್ಟಲೆ ಎಣಿಸಿ ಕೊಡ್ತೀವಿ. ಕೋಟಿಂಗ್ ಬೇಕಿದ್ದರೆ ಹೊಳಪಿಗೆ ಮಾಡಿಸಿ, ನನ್ನ ತಕರಾರಿಲ್ಲ. ಈ ಭಯಕ್ಕೆ ಮಾಡಿಸಬೇಡಿ.

ಭಯ ಪಡೋದೇ ಆದರೆ ಆ ಕ್ಯಾನನ್ನ ಎಲ್ಲಿಡ್ತೀವಿ ಅನ್ನೋದಕ್ಕೆ ಪಡಬೇಕು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನ ಕಡೆ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಆ ವಿಷ ಇದೇ ಮೆಥನಾಲ್. ಹೊಟ್ಟೆಗೆ ಹೋದರೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ತೆಗೆಯುತ್ತೆ, ಆಮೇಲೆ ಜೀವ. ಯುರೋಪಿನವರು 2018ರಲ್ಲಿ ನಿಯಮ ಮಾಡಿ, ಜನಸಾಮಾನ್ಯರಿಗೆ ಮಾರೋ ವಾಷರ್ ಫ್ಲೂಯಿಡ್‌ನಲ್ಲಿ ಮೆಥನಾಲ್ ಶೇಕಡಾ 0.6ಕ್ಕಿಂತ ಕಡಿಮೆ ಇರಬೇಕು ಅಂತ ಕಡಿವಾಣ ಹಾಕಿದರು. ಅಲ್ಲಿ ಎಥನಾಲ್‌ನಂಥವುಗಳಿಂದ ಕೆಲಸ ನಡೆಸ್ತಾರೆ. ಅಮೆರಿಕದಲ್ಲಿ ಮಾತ್ರ ಆ ಕ್ಯಾನು ಹಾಲಿನ ಕ್ಯಾನಿನ ಆಕಾರದಲ್ಲಿ, ಮಕ್ಕಳು ಆಟ ಆದ ಮೇಲೆ ಕುಡಿಯೋ ನೀಲಿ ಪಾನಕದ ಬಣ್ಣದಲ್ಲಿ ಗರಾಜಿನ ನೆಲದ ಮೇಲೆ ಕೂತಿರುತ್ತೆ. ನಮ್ಮ ಗರಾಜಿನಲ್ಲೂ ಮಗನ ಸೈಕಲ್ ಪಕ್ಕದಲ್ಲೇ ಇತ್ತು. ಬಾನೆಟ್ ಬಣ್ಣದ ಬಗ್ಗೆ ಆರು ತಿಂಗಳು ವಾದ ಮಾಡಿದ ನಾವಿಬ್ಬರೂ, ಅಪ್ಪ ಮೂಸಿ ನೋಡಿ ಸ್ಪಿರಿಟ್ ಅಂತ ಹೇಳಿದ ಮೇಲೂ, ಒಂದು ಸಲವೂ ಆ ಸೈಕಲ್ ಕಡೆ ನೋಡಲಿಲ್ಲ. ಈಗ ಕ್ಯಾನು ಮೇಲಿನ ಅಟ್ಟದಲ್ಲಿದೆ, ಬಾಗಿಲಿಗೆ ಚಿಲಕ ಇದೆ.

ಹೋದ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಕನ್ನಡಿ ಕವಚದ ಪ್ರಯೋಗ, ಸುಟ್ಟ ಇಟ್ಟಿಗೆ ಎಲ್ಲಾ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಒಂದು ರಾತ್ರಿ ನೆನೆಸಿದ್ರೆ ಹೇಗೆ ಗೊತ್ತಾಗುತ್ತೋ? ಒಂದು ತಿಂಗಳು ನೆನೆಸಿ ಹೇಳು" ಅಂದರು.

ಕವಚ ಈಗ ಮತ್ತೆ ಪ್ಲಾಸ್ಟಿಕ್‌ನೊಳಗಿದೆ. ಅಟ್ಟದ ಮೇಲೇ ಇಟ್ಟಿದ್ದೀನಿ.