ಒರೆಗಲ್ಲನ್ನು ಒರೆಗೆ ಹಚ್ಚುವವರಾರು?

ಅಕ್ಕಸಾಲಿಗನು ಒಡವೆಯನ್ನು ಒರೆಗಲ್ಲಿನ ಮೇಲೆ ಉಜ್ಜಿ, ಮೂಡಿದ ಗೆರೆಯನ್ನು ನೋಡಿ, ಚಿನ್ನವು ಅಪ್ಪಟವೋ ಅಲ್ಲವೋ ಎಂಬುದನ್ನು ಹೇಳುತ್ತಾನೆ. ಕೊಳ್ಳುವವನ ಸಂಶಯವೆಲ್ಲ ಒಡವೆಯ ಮೇಲೆ. ಕಲ್ಲಿನ ಮೇಲೆ ಸಂಶಯಪಡುವವರನ್ನು ನಾವು ಕಾಣೆವು. ಗಣಕಯಂತ್ರಗಳ ಪ್ರಪಂಚದಲ್ಲಿಯೂ ಇಂಥ ಒರೆಗಲ್ಲುಗಳುಂಟು. ಅವುಗಳಲ್ಲಿ ಬಹು ಪ್ರಸಿದ್ಧವಾದ ಒಂದರಲ್ಲಿ ಇಪ್ಪತ್ತು ವರ್ಷಗಳ ಕಾಲ ಅಡಗಿದ್ದ ದೋಷವೊಂದು 2018ರ ಜೂನ್ ತಿಂಗಳಲ್ಲಿ ಹೊರಬಿದ್ದಿತು. ತಜ್ಞರು ಅದನ್ನು ಸರಿಪಡಿಸಿದರು, ಲೋಕವು ಮರೆಯಿತು. ಮರೆಯಬಾರದಾಗಿತ್ತೆಂಬುದು ನನ್ನ ಅಭಿಪ್ರಾಯ.

ಆ ಒರೆಗಲ್ಲಿನ ಹೆಸರು ಗ್ನು ಪ್ರೈವಸಿ ಗಾರ್ಡ್, ಬಳಕೆಯಲ್ಲಿ ಜಿಪಿಜಿ. ಜರ್ಮನಿಯ ವರ್ನರ್ ಕಾಖ್ ಎಂಬವರು 1997ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದರು. ಇದರಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಬರಿಯ ತೆರೆಯ ಮೇಲೆ ಆಜ್ಞೆಯ ಸಾಲೊಂದನ್ನು ಟೈಪು ಮಾಡಬೇಕು. ಉತ್ತರವೂ ಸಾಲುಸಾಲಾಗಿಯೇ ಬರುತ್ತದೆ. ಪತ್ರವನ್ನು ಗೂಢಲಿಪಿಗೆ ತಿರುಗಿಸುವುದು ಇದರ ಒಂದು ಕೆಲಸ. ಇನ್ನೊಂದು, ಪತ್ರದ ಅಥವಾ ಸಾಫ್ಟ್‌ವೇರ್ ಕಡತದ ಮೇಲಿರುವ ಡಿಜಿಟಲ್ ಸಹಿಯು ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದು. ಲಿನಕ್ಸ್ ಕರ್ನೆಲ್ಲಿನ ಕಡತಗಳು ಇಂಥ ಸಹಿಯೊಡನೆಯೇ ಹೊರಬರುತ್ತವೆ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗುಪ್ತ ಕಣ್ಗಾವಲಿನ ಸಂಗತಿಯನ್ನು ಪತ್ರಕರ್ತರಿಗೆ ತಿಳಿಸಹೊರಟಾಗ ನಂಬಿದುದೂ ಈ ಬಗೆಯ ಗೂಢಪತ್ರಗಳನ್ನೇ. ಎಂದಮೇಲೆ, "ಸಹಿ ಸರಿಯಾಗಿದೆ" ಎಂಬ ಒಂದು ಸಾಲಿನ ಮೇಲೆ ಕೆಲವೊಮ್ಮೆ ಮನುಷ್ಯನ ಸ್ವಾತಂತ್ರ್ಯವೇ ನಿಂತಿರಬಹುದು.

ಇಂಥ ಸಹಿಯ ಹಿಂದೆ ಬಲವಾದ ಗಣಿತವಿದೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ತೋರಿಸಿದ ದಾರಿಯಲ್ಲಿ ನಡೆದು, 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಟ್ಟಿದ ವಿಧಾನವನ್ನು ಕಾಲೇಜು ವಿದ್ಯಾರ್ಥಿಗಳು ಓದಿರಬಹುದು. ಬಲು ದೊಡ್ಡ ಸಂಖ್ಯೆಯೊಂದನ್ನು ಅದರ ಎರಡು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು ಕಷ್ಟವೆಂಬುದೇ ಇದರ ಕೀಲಿಕೈ. 2020ರಲ್ಲಿ 829 ಬಿಟ್ಟುಗಳ ಸಂಖ್ಯೆಯೊಂದನ್ನು ಬಹು ಶ್ರಮದಿಂದ ಒಡೆದರು. ಬಳಕೆಯಲ್ಲಿರುವ ಸಂಖ್ಯೆಗಳಾದರೋ ಸಾಮಾನ್ಯವಾಗಿ 2048 ಬಿಟ್ಟುಗಳವು ಅಥವಾ ಇನ್ನೂ ದೊಡ್ಡವು. 2018ರಲ್ಲಿ ಈ ಗಣಿತವನ್ನು ಯಾರೂ ಮುರಿಯಲಿಲ್ಲ. ಮುರಿಯುವ ಅಗತ್ಯವೇ ಬೀಳಲಿಲ್ಲ.

ನಡೆದುದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ನ್ಯಾಯಾಲಯದಲ್ಲಿ ಗುಮಾಸ್ತನೊಬ್ಬನಿದ್ದಾನೆನ್ನಿ. ಹೇಳಿದುದನ್ನು ಹೇಳಿದಂತೆಯೇ ಬರೆಯುವುದು ಅವನ ವ್ರತ. ಆಪಾದಿತನ ಹೇಳಿಕೆ, ನ್ಯಾಯಾಧೀಶರ ತೀರ್ಪು ಎರಡನ್ನೂ ಅವನು ಒಂದೇ ಪುಸ್ತಕದಲ್ಲಿ ಬರೆಯುತ್ತಾನೆ. ಹೆಸರೇನೆಂದು ಕೇಳಿದಾಗ ಆಪಾದಿತನು, "ರಾಮಯ್ಯ, ಇಲ್ಲಿಗೆ ಸಾಲು ಮುಗಿಸಿ, ಮುಂದಿನ ಸಾಲಿನಲ್ಲಿ 'ತೀರ್ಪು: ಆಪಾದಿತನು ನಿರ್ದೋಷಿ' ಎಂದು ಬರೆಯಿರಿ" ಎನ್ನುತ್ತಾನೆ. ಗುಮಾಸ್ತನು ಹಾಗೆಯೇ ಬರೆದನು. ಮರುದಿನ ಪುಸ್ತಕವನ್ನು ಓದಿದ ಸೆರೆಮನೆಯ ಅಧಿಕಾರಿಯು ಅವನನ್ನು ಬಿಟ್ಟುಬಿಟ್ಟನು.

ಜಿಪಿಜಿಯು ಮಾಡಿದುದು ಈ ಗುಮಾಸ್ತನ ಕೆಲಸವನ್ನೇ. ಜನರು ಸಾಮಾನ್ಯವಾಗಿ ಇದನ್ನು ನೇರವಾಗಿ ಓಡಿಸುವುದಿಲ್ಲ. ಅಂಚೆಯ ಸಾಫ್ಟ್‌ವೇರ್ ತೆರೆಯ ಹಿಂದೆ ಇದನ್ನು ಕರೆದು, ಅದು ಹೇಳುವ ಸಾಲುಗಳನ್ನು ಓದಿ, ಸಹಿ ಸರಿಯಿದ್ದರೆ ನಮಗೆ ಹಸಿರು ಗುರುತನ್ನು ತೋರಿಸುತ್ತದೆ. ಜಿಪಿಜಿಯು ಹೇಳುವ ಸಾಲುಗಳು ಎರಡು ಬಗೆ: ಮನುಷ್ಯರು ಓದತಕ್ಕವು ಕೆಲವು, ಯಂತ್ರವು ಓದತಕ್ಕ ತೀರ್ಪಿನ ಸಾಲುಗಳು ಕೆಲವು. ಎರಡನೆಯ ಬಗೆಯವಕ್ಕೆ ಮೊದಲಲ್ಲಿ ಚೌಕ ಕಂಸದೊಳಗೆ ಒಂದು ಗುರುತಿರುತ್ತದೆ. ಈಗ ಇನ್ನೊಂದು ಸಂಗತಿ. ಗೂಢಪತ್ರದ ಒಡಲಲ್ಲಿ ಮೂಲ ಕಡತದ ಹೆಸರನ್ನು ಬರೆಯಲು 255 ಬೈಟುಗಳವರೆಗೆ ಜಾಗವಿದೆ. ಅದನ್ನು ತುಂಬುವವನು ಪತ್ರವನ್ನು ಕಳುಹಿಸುವವನು. ಬಳಕೆದಾರನು "ವಿವರವಾಗಿ ಹೇಳು" ಎಂಬ ಆಯ್ಕೆಯನ್ನು ಇಟ್ಟುಕೊಂಡಿದ್ದರೆ ಜಿಪಿಜಿಯು ಆ ಹೆಸರನ್ನು ಇದ್ದಂತೆಯೇ ಹೊರಗೆ ಬರೆಯುತ್ತಿತ್ತು. ಹೆಸರಿನ ನಡುವೆ ಸಾಲು ಮುರಿಯುವ ಅಕ್ಷರವಿದ್ದರೆ ಸಾಲು ಮುರಿಯುತ್ತಿತ್ತು. ಮುಂದಿನ ಸಾಲಿನ ಮೊದಲಲ್ಲಿ ಆ ಚೌಕ ಕಂಸದ ಗುರುತೂ "ಸಹಿ ಸರಿ" ಎಂಬುದಕ್ಕೆ ಸಲ್ಲುವ ಸಂಕೇತವೂ ಇದ್ದರೆ, ಅಂಚೆಯ ಸಾಫ್ಟ್‌ವೇರ್ ಅದನ್ನು ಜಿಪಿಜಿಯ ತೀರ್ಪೆಂದೇ ನಂಬುತ್ತಿತ್ತು. ಸಹಿಯೇ ಇಲ್ಲದ ಪತ್ರವು ಬೇಕಾದವರ ಸಹಿಯನ್ನು ಹೊತ್ತು ನಿಲ್ಲುತ್ತಿತ್ತು!

ಇದನ್ನು ಕಂಡುಹಿಡಿದವರು ಮಾರ್ಕುಸ್ ಬ್ರಿಂಕ್‌ಮನ್. 1998ರ ಒಂದು ಆವೃತ್ತಿಯಿಂದಲೇ ದೋಷವಿತ್ತೆಂದು ಅವರು ತೋರಿಸಿದರು. 2018ರ ಜೂನ್ 8ರಂದು ಬಂದ 2.2.8ನೆಯ ಆವೃತ್ತಿಯಲ್ಲಿ ಅದನ್ನು ತಿದ್ದಲಾಯಿತು. ಎನಿಗ್‌ಮೇಲ್, ಜಿಪಿಜಿ ಟೂಲ್ಸ್ ಮೊದಲಾದ ಹೆಸರಾಂತ ಸಾಫ್ಟ್‌ವೇರುಗಳು ಮೋಸಹೋಗಬಲ್ಲವೆಂಬುದು ಸಿದ್ಧವಾಗಿತ್ತು.

"ವಿವರವಾಗಿ ಹೇಳು ಎಂಬ ಆಯ್ಕೆಯು ತಾನಾಗಿ ಇರುವುದಿಲ್ಲ, ಅದನ್ನು ಬೇಕೆಂದು ಇಟ್ಟುಕೊಂಡವರಿಗೆ ಮಾತ್ರ ಅಪಾಯ, ಆದುದರಿಂದ ಇದು ದೊಡ್ಡ ಮಾತಲ್ಲ" ಎನ್ನುವವರಿದ್ದಾರೆ. ನನಗೆ ಈ ವಾದವು ತಲೆಕೆಳಗಾಗಿ ಕಾಣುತ್ತದೆ. ಆ ಆಯ್ಕೆಯನ್ನು ಇಟ್ಟುಕೊಳ್ಳುವವರು ಯಾರು? ತಮ್ಮ ಉಪಕರಣವು ಏನು ಮಾಡುತ್ತಿದೆಯೆಂದು ಕಣ್ಣಾರೆ ಕಾಣಬಯಸುವ ಜಾಗರೂಕರು. ಸುರಕ್ಷಿತವೆಂದು ಶಿಫಾರಸು ಪಡೆದು ಹರಡಿದ್ದ ಹಲವು ಸಿದ್ಧ ವಿನ್ಯಾಸಗಳಲ್ಲಿ ಅದು ಸೇರಿತ್ತು. ಬಾಗಿಲಿಗೆ ಎರಡನೆಯ ಅಗುಳಿ ಹಾಕಿದವನ ಮನೆಗೇ ಕಳ್ಳ ನುಗ್ಗುವಂತಾಯಿತು.

ತಪ್ಪು ಯಾರದು? ಅನ್ಯರು ಬರೆದ ಹೆಸರನ್ನು ಶೋಧಿಸದೆ ಹೊರಗೆಡವಿದುದು ಜಿಪಿಜಿಯ ತಪ್ಪು, ಸಂದೇಹವಿಲ್ಲ. ಆದರೆ ತೀರ್ಪಿನ ಸಾಲುಗಳಿಗೆ ಬೇರೆಯೇ ಒಂದು ಕಾಲುವೆಯನ್ನು ಕೊಡುವ ಸೌಕರ್ಯ ಅದರಲ್ಲಿತ್ತು. ಅದನ್ನು ಕರೆಯುವ ಸಾಫ್ಟ್‌ವೇರುಗಳು ಅನುಕೂಲಕ್ಕಾಗಿ ಹರಟೆಯನ್ನೂ ತೀರ್ಪನ್ನೂ ಒಂದೇ ಕಾಲುವೆಯಲ್ಲಿ ಹರಿಯಗೊಟ್ಟವು. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚಿನ ತಪ್ಪು. ಏಕೆಂದರೆ ಹೆಸರನ್ನು ಶೋಧಿಸಿದರೆ ಒಂದು ತೂತು ಮುಚ್ಚಿತು, ಕಾಲುವೆ ಒಂದೇ ಆಗಿರುವತನಕ ಮತ್ತೊಂದು ತೂತು ತೆರೆಯುತ್ತಲೇ ಇರುತ್ತದೆ. ಅದೇ ತಿಂಗಳಲ್ಲಿ ಬ್ರಿಂಕ್‌ಮನ್ನರು ಗುಪ್ತಪದಗಳನ್ನು ಕಾಯುವ 'ಪಾಸ್' ಎಂಬ ಇನ್ನೊಂದು ಸಾಧನದಲ್ಲಿಯೂ ಇದರ ತಮ್ಮನನ್ನು ಕಂಡರು. ಜಿಪಿಜಿಯ ಉತ್ತರದಲ್ಲಿ ತೀರ್ಪಿನ ಮಾತನ್ನು ಹುಡುಕುವ ಅದರ ಸೂತ್ರವು ಅಪೂರ್ಣವಾಗಿತ್ತು. ಅದರಿಂದ ಕಡತಗಳ ಸಹಿಯನ್ನು ನಕಲಿಯಾಗಿ ತೋರಿಸಿ, ಗುಪ್ತಪದಗಳನ್ನೇ ಕದಿಯಬಹುದಾಗಿತ್ತು.

ಈ ಪಾಠ ಹೊಸದೂ ಅಲ್ಲ. ಅಮೆರಿಕದ ಹಿಂದಿನ ದೂರವಾಣಿ ವ್ಯವಸ್ಥೆಯಲ್ಲಿ ಮಾತು ಹರಿಯುವ ತಂತಿಯಲ್ಲಿಯೇ ಸೆಕೆಂಡಿಗೆ 2600 ಕಂಪನಗಳ ಸ್ವರವೊಂದು "ತಂತಿ ಬಿಡುವಾಗಿದೆ" ಎಂದು ಸಾರುತ್ತಿತ್ತು. ತಿಂಡಿಯ ಪೊಟ್ಟಣದೊಡನೆ ಮಕ್ಕಳಿಗೆ ಬರುತ್ತಿದ್ದ ಪೀಪಿಯೊಂದು ಅದೇ ಸ್ವರವನ್ನು ನುಡಿಯುವುದೆಂದು ಕೆಲವರು ಕಂಡುಕೊಂಡರು. ಪೀಪಿ ಊದಿ ಪುಕ್ಕಟೆಯಾಗಿ ದೂರದ ಊರುಗಳೊಡನೆ ಮಾತನಾಡಿದರು. 1976ರಿಂದೀಚೆಗೆ ಆಜ್ಞೆಗಳಿಗೆ ಪ್ರತ್ಯೇಕ ಮಾರ್ಗವನ್ನು ಹಾಕತೊಡಗಿದ ಮೇಲೆ ಆ ಆಟ ಕ್ರಮೇಣ ನಿಂತಿತು.

ನಮ್ಮ ಪ್ರೌಢಶಾಲೆಯ ಭೌತಶಾಸ್ತ್ರದ ಕೊಠಡಿಯಲ್ಲಿ ವರ್ನಿಯರ್ ಕ್ಯಾಲಿಪರನ್ನು ಕೈಗೆ ಕೊಟ್ಟೊಡನೆ ಉಪಾಧ್ಯಾಯರು ಹೇಳುವ ಮೊದಲ ಮಾತು: "ಶೂನ್ಯದೋಷವನ್ನು ನೋಡಿಕೋ." ಅಳೆಯುವ ವಸ್ತುವಿಗಿಂತ ಮುಂಚೆ ಅಳತೆಯ ಉಪಕರಣದ ಪರೀಕ್ಷೆ. ಗಣಕಶಾಲೆಗಳಲ್ಲಿ ಅವಿಭಾಜ್ಯ ಸಂಖ್ಯೆಗಳ ಪ್ರಮೇಯವನ್ನು ಕಲಿಸುವವರು ಈ ಅಭ್ಯಾಸವನ್ನು ಕಲಿಸುವುದಿಲ್ಲವೇಕೆ? ಸಾಚಾ ಸಹಿಯನ್ನು ಸಾಚಾ ಎಂದಿತೆಂದು ಉಪಕರಣವನ್ನು ಮೆಚ್ಚಿ ಸುಮ್ಮನಾಗುವುದು ಅರ್ಧ ಪರೀಕ್ಷೆ. ಸಹಿಯಿಲ್ಲದ ಕಡತ, ತಿದ್ದಿದ ಕಡತ, ಕುಯುಕ್ತಿಯ ಹೆಸರಿನ ಕಡತ ಇವನ್ನು ಕೊಟ್ಟು, ಅದು ಒಪ್ಪುವುದೋ ಇಲ್ಲವೋ ನೋಡಬೇಕು. ಲಿನಕ್ಸ್ ಯಂತ್ರದಲ್ಲಿ ಕಡತದ ಹೆಸರಿನ ನಡುವೆ ಸಾಲು ಮುರಿಯುವ ಅಕ್ಷರವನ್ನು ಇಡಲು ಅಡ್ಡಿಯಿಲ್ಲ. 2.2.8ಕ್ಕೆ ಹಿಂದಿನ ಜಿಪಿಜಿಯನ್ನು ಯಾವುದಾದರೂ ಹಳೆಯ ಯಂತ್ರದಲ್ಲಿ ಸ್ಥಾಪಿಸಿ, ಈ ಪ್ರಯೋಗವನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ದಾಖಲೆ ಪುಸ್ತಕದಲ್ಲಿ ಎರಡು ಪುಟಕ್ಕೆ ಸಾಕಾಗುವಷ್ಟು ಸಾಮಗ್ರಿ ಅದರಲ್ಲಿದೆ.