ಪಾರಿಜಾತದಲ್ಲಿ ಬರೆದಿಡದ ಮಾತುಗಳು

ಶ್ರೀಕೃಷ್ಣ ಪಾರಿಜಾತದ ಕಥೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರಿತು, ಸತ್ಯಭಾಮೆ ಮುನಿದಳು, ಇಬ್ಬರು ಮಡದಿಯರ ನಡುವೆ ಸಿಕ್ಕ ಜಗನ್ನಾಥನು ಬೆವರಿದನು. ಅಪರಾಳ ತಮ್ಮಣ್ಣನು ರಚಿಸಿ, ಕುಲಗೋಡ ತಮ್ಮಣ್ಣನು ಆಟಕ್ಕೆ ಅಳವಡಿಸಿದ ಈ ಸಣ್ಣಾಟ ಗೋಕಾಕ, ಮುಧೋಳ, ಜಮಖಂಡಿಗಳ ಕಡೆ ಹೆಚ್ಚು ಬೆಳೆಯಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಮುಧೋಳ, ಜಮಖಂಡಿಗಳೂ ಈ ನಾಲ್ಕು ತಾಲೂಕುಗಳೂ ಒಂದೇ ಬಿಜಾಪುರ ಜಿಲ್ಲೆಯವು, ಆಟಕ್ಕೆ ಗಡಿಯೆಲ್ಲಿಯದು?

ಭಾಮೆಯ ಮುನಿಸಿನ ಪದಗಳನ್ನು ಮೆಚ್ಚದವರಿಲ್ಲ. ಆದರೆ ನಡುರಾತ್ರಿಯ ನಿದ್ದೆಯನ್ನು ಓಡಿಸುವ ಕೆಲಸ ಆ ಪದಗಳದಲ್ಲ. ಅವುಗಳ ಸಂದಿನಲ್ಲಿ ನುಸುಳುವ ಚಿಕ್ಕ ಚಿಕ್ಕ ಹಾಸ್ಯಪ್ರಸಂಗಗಳದು. ಹೊರಗಿನವರು ಅವನ್ನು ಹೆಸರಿಸುವುದೂ ಅಪರೂಪ.

ಮೊಸರು ಮಾರಲು ಬರುವ ಗೊಲ್ಲತಿಯ ಪ್ರಸಂಗವನ್ನೇ ನೋಡಬಹುದು. ಮೂರು ಲೋಕದ ಒಡೆಯನು ದಾರಿಗಡ್ಡ ನಿಂತು ಒಂದು ಗಡಿಗೆ ಮೊಸರಿಗೆ ಸುಂಕ ಕೇಳುತ್ತಾನೆ. ಇಷ್ಟೇ ಕಥೆ. ಇದಕ್ಕೆ ಜೀವ ತುಂಬುವವನು ಭಾಗವತ. ಅವನು ಹಿಮ್ಮೇಳದ ಮುಂದಾಳೂ ಹೌದು, ಏನೂ ತಿಳಿಯದವನಂತೆ ನಟಿಸುವ ಜಾಣನೂ ಹೌದು. ಮಾತು ಸುಮಾರಾಗಿ ಈ ಧಾಟಿಯಲ್ಲಿ ಸಾಗುತ್ತದೆ:

“ಯಾರವ್ವಾ ನೀ? ಯಾವೂರಾಕಿ?”

“ಗೋಕುಲದಾಕಿ ಯಪ್ಪಾ, ಮೊಸರ ಮಾರಾಕ ಹೊಂಟೀನಿ.”

“ಅದರಾಗ ನೀರ ಎಷ್ಟ ಬೆರಸೀದಿ?”

“ನಾ ಎಲ್ಲಿ ಬೆರಸೀನಿ? ನಮ್ಮ ಎಮ್ಮಿನ ದಿನಾ ಹೊಳ್ಯಾಗ ಬಿದ್ದಿರತೈತಿ!”

ಮುಂದಿನ ಮಾತು ಊರನ್ನು ನೋಡಿಕೊಂಡು ಹುಟ್ಟಬೇಕು. ಇಂಡಿಯಲ್ಲಾದರೆ ಮೊಸರಿನ ದರದ ನಡುವೆ ಲಿಂಬೆಯ ದರ ಇಣುಕೀತು. ಆಲಮಟ್ಟಿಯ ಹಿನ್ನೀರಿನ ಮಗ್ಗುಲಲ್ಲಾದರೆ ಗೊಲ್ಲತಿ ದಾಟಿ ಬಂದ ಯಮುನೆ ಕೃಷ್ಣೆಯಾದೀತು. ಪದಗಳು ಗುರುವಿನಿಂದ ಶಿಷ್ಯನಿಗೆ ಬಂದವು. ಈ ಮಾತುಗಳು ಆ ರಾತ್ರಿಯವು, ಆ ಊರಿನವು. ಗೊಲ್ಲತಿಯ ಪಾತ್ರದವರಿಗೆ ಕಂಠವಿದ್ದು ನಾಲಿಗೆ ಚುರುಕಿಲ್ಲದಿದ್ದರೆ ಪ್ರಸಂಗ ಅಲ್ಲಿಗೇ ನೆಲಕಚ್ಚುತ್ತದೆ.

ದೂತಿಯ ಹಾಸ್ಯ ಇನ್ನೊಂದು ಬಗೆ. ಭಾಮೆಗೂ ಕೃಷ್ಣನಿಗೂ ನಡುವೆ ಓಡಾಡಿ ಕಾಲು ಸವೆಸುವ ಅವಳಿಗೆ ಅರಸುಮನೆಯ ವಿರಹವೆಂದರೆ ಬಿಟ್ಟಿ ಚಾಕರಿ! ಒಡತಿಯ ಕಣ್ಣೀರಿನ ಪಕ್ಕದಲ್ಲೇ ಆಳಿನ ಈ ಗೊಣಗಾಟವನ್ನು ಇಟ್ಟವರು ಸಂಸಾರವನ್ನು ಬಲ್ಲವರು. ಕಣಿ ಹೇಳುವ ಕೊರವಂಜಿಯ ಮಾತಿಗೂ ನಗೆ ಏಳುವುದುಂಟು; ಆದರೆ ಅಲ್ಲಿ ಹಾಡೇ ಮುಂದು.

ಈ ಸೀಮೆಗೆ ಜನಪದರ ನುಡಿಯನ್ನು ಬರೆದಿಡುವ ಅಕ್ಕರೆ ಇರಲಿಲ್ಲವೆಂದಲ್ಲ. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಹಾಡಿಗೆ ಒದಗಿದ ಆ ಭಾಗ್ಯ ಭಾಗವತನ ಮರುಮಾತಿಗೆ ಅಷ್ಟಾಗಿ ಒದಗಲಿಲ್ಲ. ಅದಕ್ಕೆ ಛಂದಸ್ಸಿಲ್ಲ, ಒಮ್ಮೆ ಆಡಿದಂತೆ ಇನ್ನೊಮ್ಮೆ ಇಲ್ಲ. ಕೆಲವು ಮಾತು ಅಚ್ಚಿಗೆ ಒಗ್ಗುವಂಥವೂ ಅಲ್ಲ. (ಹಾಗೆಂದು ಮುಂದಿನ ಸಾಲಿನ ಅಜ್ಜಿಯರು ಎದ್ದುಹೋದದ್ದೇನೂ ಇಲ್ಲ.)

ಬೆಳಗಾಗುವವರೆಗೆ ನಡೆಯುತ್ತಿದ್ದ ಆಟವನ್ನು ಈಗ ಉತ್ಸವದ ವೇದಿಕೆಗಳಲ್ಲಿ ಎರಡು ಗಂಟೆಗೆ, ಕೆಲವೊಮ್ಮೆ ಅದಕ್ಕೂ ಕಡಿಮೆ ಅವಧಿಗೆ ಇಳಿಸುತ್ತಾರೆ. ಹಾಡನ್ನು ಬಿಡುವಂತಿಲ್ಲ, ಕಥೆಯನ್ನು ಬಿಡುವಂತಿಲ್ಲ. ಕತ್ತರಿ ಬೀಳುವುದು ಮಾತಿಗೆ. ಎಳೆಯ ಕಲಾವಿದರು ಪದಗಳನ್ನು ಧ್ವನಿಮುದ್ರಣ ಕೇಳಿಯಾದರೂ ಕಲಿತಾರು. ಆದರೆ ಎಮ್ಮೆಯ ಮಾತಿಗೆ ತಕ್ಕ ಮರುಮಾತನ್ನು ರಾತ್ರಿಯಿಡೀ ಭಾಗವತನ ಎದುರು ನಿಂತೇ ಕಲಿಯಬೇಕು. ಅಂಥ ವೇದಿಕೆಗಳಲ್ಲಿ ಗೊಲ್ಲತಿ ಬರುತ್ತಾಳೆ, ಸೊಗಸಾಗಿ ಒಂದು ಪದ ಹಾಡುತ್ತಾಳೆ, ಚಪ್ಪಾಳೆಯೂ ಬೀಳುತ್ತದೆ. ಮೊಸರಿನ ಬೆಲೆ ಹೇಳುವ ಮೊದಲೇ ಗಡಿಗೆ ಹೊತ್ತು ಒಳಗೆ ನಡೆಯುತ್ತಾಳೆ.