ತಾತ್ಕಾಲಿಕ ಜಾಲ, ಶಾಶ್ವತ ಲೆಕ್ಕ

ವರ್ಷಾಂತ್ಯದ ದಾಸ್ತಾನು ಎಣಿಕೆಯ ದಿನ ಸಣ್ಣ ಸಂಸ್ಥೆಗಳ ಗೋದಾಮುಗಳಲ್ಲಿ ಒಂದು ದೃಶ್ಯ ಸಾಮಾನ್ಯವಾಗಿದೆ. ಗುಮಾಸ್ತರೊಬ್ಬರ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಎರಡು ಲ್ಯಾಪ್‌ಟಾಪ್‌ಗಳನ್ನು ಜೋಡಿಸಿ, ಒಂದರಲ್ಲಿರುವ ಲೆಕ್ಕದ ಕಡತವನ್ನು ಇನ್ನೊಂದರಿಂದ ತೆರೆಯಲಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸಂಪರ್ಕ ಕಡಿಯುತ್ತದೆ. ಆಗ ಯಾರೋ ಒಬ್ಬರು ಫೈರ್‌ವಾಲ್ ಆರಿಸಿ, ಇಡೀ ಡ್ರೈವನ್ನು ಎಲ್ಲರಿಗೂ ತೆರೆದಿಟ್ಟು ಕೆಲಸ ಮುಗಿಸುತ್ತಾರೆ. ಅದನ್ನು ಮತ್ತೆ ಮುಚ್ಚುವ ನೆನಪು ಯಾರಿಗೂ ಇರುವುದಿಲ್ಲ. ರೋಗಕ್ಕಿಂತ ಮದ್ದೇ ಅಪಾಯಕಾರಿಯಾಗುವುದು ಇಲ್ಲಿಯೇ.

ಸಾಧನದಿಂದ ಸಾಧನಕ್ಕೆ ನೇರವಾಗಿ ಏರ್ಪಡುವ ನಿಸ್ತಂತು ಜಾಲ ಹೊಸದೇನಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ 'ಅಡ್ ಹಾಕ್' ಜಾಲದ ಸೌಲಭ್ಯವಿತ್ತು. 2012ರ ವಿಂಡೋಸ್ 8ರಲ್ಲಿ ಆ ಆಯ್ಕೆ ಸಾಮಾನ್ಯ ಪರದೆಯಿಂದ ಮರೆಯಾಯಿತು. ಇಂದು ಆ ಸ್ಥಾನವನ್ನು ಬಹುಮಟ್ಟಿಗೆ ಹಾಟ್‌ಸ್ಪಾಟ್ ಆಕ್ರಮಿಸಿದೆ.

ಸಂಪರ್ಕ ಕೆಟ್ಟಾಗ ರಕ್ಷಣೆಯನ್ನು ಕಿತ್ತುಹಾಕುವ ಮೊದಲು ಕ್ರಮವಾಗಿ ಪರಿಶೀಲಿಸಬೇಕಾದ ಅಂಶಗಳು ನಾಲ್ಕು.

ಮೊದಲನೆಯದು, ಜಾಲದ ಹೆಸರೇ ಕಾಣದಿದ್ದರೆ ಫೋನ್ 5 ಗಿಗಾಹರ್ಟ್ಸ್ ತರಂಗದಲ್ಲಿರಬಹುದು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ಮಾತ್ರ ಗ್ರಹಿಸುತ್ತವೆ. ಎರಡನೆಯದು, ಜೋಡಣೆಯಾದರೂ ಲ್ಯಾಪ್‌ಟಾಪ್‌ನ ಐಪಿ ವಿಳಾಸ 169.254 ಎಂದು ಆರಂಭವಾಗಿದ್ದರೆ, ಫೋನ್‌ನಿಂದ ವಿಳಾಸ ದೊರೆತಿಲ್ಲವೆಂದೇ ಅರ್ಥ. ಹಾಟ್‌ಸ್ಪಾಟ್ ಆರಿಸಿ ಮತ್ತೆ ಜೋಡಿಸಬೇಕು. ಮೂರನೆಯದು, ವಿಳಾಸ ಸರಿಯಿದ್ದೂ ಕಡತ ಸಿಗದಿದ್ದರೆ, ವಿಂಡೋಸ್ ಆ ಜಾಲವನ್ನು 'ಪಬ್ಲಿಕ್' ಎಂದು ಗುರುತಿಸಿರುವ ಸಂಭವ ಹೆಚ್ಚು. ಅದನ್ನು 'ಪ್ರೈವೇಟ್' ಎಂದು ಬದಲಿಸಿ, ಬೇಕಾದ ಒಂದು ಫೋಲ್ಡರನ್ನು ಮಾತ್ರ ಹಂಚಿಕೊಂಡರೆ ಸಾಕು. ಫೈರ್‌ವಾಲ್ ಆರಿಸುವ ಅಗತ್ಯವಿಲ್ಲ. ನಾಲ್ಕನೆಯದು, ಆಗಾಗ ಕಡಿಯುತ್ತಿದ್ದರೆ ಬ್ಯಾಟರಿ ಉಳಿತಾಯದ ವ್ಯವಸ್ಥೆಯನ್ನೂ, ಕಡತವಿರುವ ಲ್ಯಾಪ್‌ಟಾಪ್ ನಿದ್ರಾವಸ್ಥೆಗೆ ಹೋಗುತ್ತಿದೆಯೇ ಎಂಬುದನ್ನೂ ನೋಡಬೇಕು. ಇಷ್ಟಾದರೂ ಫಲವಿಲ್ಲದಿದ್ದರೆ, ಒಂದು ಸಾಧನ ಇನ್ನೊಂದನ್ನು ಕಾಣದಂತೆ ಆ ಫೋನೇ ತಡೆಯುತ್ತಿರಬಹುದು. ಕೆಲವು ಫೋನ್‌ಗಳ ರಚನೆಯೇ ಹಾಗಿದೆ.

ಆದರೆ ದುರಸ್ತಿಗಿಂತ ದೊಡ್ಡ ಪ್ರಶ್ನೆ ಬಳಕೆಯದು. ಇಂತಹ ಜಾಲ ಕಡತವನ್ನು ಸಾಗಿಸಲು ಯೋಗ್ಯವೇ ಹೊರತು ಖಾತೆಗಳನ್ನು ನಡೆಸಲು ಅಲ್ಲ. ನಮೂದು ದಾಖಲಾಗುತ್ತಿರುವಾಗಲೇ ಸಂಪರ್ಕ ಕಡಿದರೆ ಕಡತವೇ ಕೆಡಬಹುದು. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮು, ವಾರ್ಷಿಕ ವಿವರಣಪತ್ರದ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕೆಂದು ವಿಧಿಸುತ್ತದೆ. ಆರು ವರ್ಷ ಉಳಿಯಬೇಕಾದುದನ್ನು ಅರ್ಧ ದಿನದ ಬ್ಯಾಟರಿಗೆ ಒಪ್ಪಿಸುವುದು ವಿವೇಕವಲ್ಲ.

ಸಣ್ಣ ವ್ಯಾಪಾರಿಗೆ ಪ್ರತ್ಯೇಕ ಜಾಲದ ಖರ್ಚು ಏಕೆ ಎಂಬ ವಾದವಿದೆ. ವಸ್ತುಪ್ರದರ್ಶನದ ಮಳಿಗೆಯಲ್ಲಿ, ದೂರದ ಗೋದಾಮಿನಲ್ಲಿ ಅದು ಒಪ್ಪತಕ್ಕ ಮಾತೇ. ಅಂತಹ ಕಡೆ ಎಣಿಕೆಯನ್ನು ಆಯಾ ಲ್ಯಾಪ್‌ಟಾಪ್‌ನಲ್ಲಿಯೇ ಬರೆದುಕೊಂಡು, ಕೊನೆಗೆ ಒಮ್ಮೆ ವರ್ಗಾಯಿಸಿ, ಪ್ರತಿಯೊಂದನ್ನು ಬೇರೆಡೆ ಇರಿಸಿದರೆ ಸಾಕು. ಆದರೆ ನಿತ್ಯ ವಹಿವಾಟು ನಡೆಯುವ ಕಚೇರಿಯಲ್ಲಿ ಒಂದು ಸಾಧಾರಣ ರೂಟರ್ ಐಷಾರಾಮವಲ್ಲ, ತಿಜೋರಿಯಷ್ಟೇ ಅಗತ್ಯ. ಹಾಟ್‌ಸ್ಪಾಟ್‌ನ ಗುಪ್ತಪದವನ್ನು ಬಂದುಹೋಗುವವರಿಗೆಲ್ಲ ಹೇಳುವ ಅಭ್ಯಾಸವೂ ನಿಲ್ಲಬೇಕು. ತಿಜೋರಿಯ ಬೀಗದ ಕೈಯನ್ನು ಯಾವ ವ್ಯಾಪಾರಿಯೂ ಗಲ್ಲಾದ ಮೇಲೆ ಇಟ್ಟುಹೋಗುವುದಿಲ್ಲ.